ಸಿನಿಮಾ ಸಹಾಯಧನ ಜಿಲ್ಲೆಯ ಬಿಲ್ಲಿಗೆ ಸಿಗಲಿ

ಆಗುಂಬೆಯಲ್ಲೋ ತೀರ್ಥಹಳ್ಳಿಯ ಆಸುಪಾಸಿನಲ್ಲೋ ಚಿತ್ರೀಕರಣ ನಿಗದಿಯಾಯಿತೆಂದರೆ ಹಿಂದಿನ ರಾತ್ರಿಯೇ ಬೆಂಗಳೂರಿನಿಂದ ಲಾರಿಗಳು ಹೊರಡುತ್ತವೆ. ಒಂದರಲ್ಲಿ ಜನರೇಟರ್, ಇನ್ನೊಂದರಲ್ಲಿ ಲೈಟು, ಸ್ಟ್ಯಾಂಡು, ಸುರುಳಿ ಸುತ್ತಿದ ಕೇಬಲ್ಲು, ಟ್ರಾಲಿಯ ಹಳಿ, ಮತ್ತೊಂದರಲ್ಲಿ ಪ್ಲೈವುಡ್ಡು, ಬಣ್ಣದ ಡಬ್ಬಿ, ಬಟ್ಟೆಯ ಪೆಟ್ಟಿಗೆ, ಕೊನೆಗೆ ಅನ್ನದ ಹಂಡೆ, ಇಡ್ಲಿ ತಟ್ಟೆಗಳ ತನಕ ಎಲ್ಲವೂ. ಹಿಂದೆಯೇ ಬಸ್ಸಿನಲ್ಲಿ ಲೈಟ್‌ಬಾಯ್‌ಗಳು, ಬಡಗಿಗಳು, ಅಡುಗೆಯವರು. ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ ದಾಟಿ ಬಿ.ಎಚ್. ರಸ್ತೆಯಲ್ಲಿ ಶಿವಮೊಗ್ಗದ ಕಡೆ ಸಾಗುವಾಗ ಈ ಲಾರಿಗಳು ಮಾಚೇನಹಳ್ಳಿಯನ್ನು ಹಾದು ಹೋಗುತ್ತವೆ. ಅಲ್ಲಿ ಕೈಗಾರಿಕಾ ಪ್ರದೇಶವಿದೆ, ಫೌಂಡ್ರಿಗಳಿವೆ, ಗಾರ್ಮೆಂಟ್ಸ್ ಕಾರ್ಖಾನೆಯಿದೆ, ಹಾಲಿನ ಡೇರಿಯಿದೆ. ವೆಲ್ಡಿಂಗ್ ಮಾಡುವವರು, ಹೊಲಿಯುವವರು, ವೈರಿಂಗ್ ಬಲ್ಲವರು, ನೂರು ಜನಕ್ಕೆ ಬಡಿಸಬಲ್ಲವರು ಎಲ್ಲರೂ ಅದೇ ರಸ್ತೆಯ ಅಕ್ಕಪಕ್ಕ ಬದುಕುತ್ತಿದ್ದಾರೆ. ಲಾರಿ ಅಲ್ಲಿ ನಿಲ್ಲುವುದಿಲ್ಲ. ತಿಂಗಳು ಕಳೆದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಮಲೆನಾಡಿನ ಮಳೆ, ಮಂಜು, ತೊಟ್ಟಿಮನೆಗಳು ತೆರೆಯ ಮೇಲೆ ಉಳಿಯುತ್ತವೆ. ಸಿನಿಮಾಕ್ಕೆ ಖರ್ಚಾದ ಹಣದ ದೊಡ್ಡ ಪಾಲು ಬಂದ ಕಡೆಗೇ ಮರಳುತ್ತದೆ.

ಸರ್ಕಾರ ಸಿನಿಮಾಕ್ಕೆ ಕೊಡುವ ಸಹಾಯಧನದ ಚರ್ಚೆಯನ್ನು ಈ ಲಾರಿಯಿಂದಲೇ ಆರಂಭಿಸಬೇಕು ಎಂದು ನನಗನ್ನಿಸುತ್ತದೆ. ಒಂದು ಚಿತ್ರಕ್ಕೆ ಇಷ್ಟು ಲಕ್ಷ ಎಂದು ಕೊಡುವ ಹಣದ ಜೊತೆಗೆ, ಬೆಂಗಳೂರಿನ ಹೊರಗಿನ ಜಿಲ್ಲೆಯಲ್ಲಿ ಮಾಡಿದ ಖರ್ಚಿನ ಒಂದು ಭಾಗವನ್ನು ಮರಳಿಸುವ ಯೋಜನೆ ಕರ್ನಾಟಕಕ್ಕೆ ಬೇಕು. ಅದರಲ್ಲೂ ಮುಖ್ಯವಾಗಿ ಆ ಜಿಲ್ಲೆಯ ಜನರಿಗೆ ಕೊಟ್ಟ ಕೂಲಿಯ ಮೇಲೆ ಅದು ಸಿಗಬೇಕು. ಸಿನಿಮಾವನ್ನು ಒಂದೂರಿಂದ ಇನ್ನೊಂದೂರಿಗೆ ತರುವ ಕೆಲಸವನ್ನು ನಮ್ಮ ರಾಜ್ಯ ಹಿಂದೆ ಒಮ್ಮೆ ಮಾಡಿ ಗೆದ್ದಿದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಗೆ ಬಂದಾಗ ಅದರ ಚಿತ್ರೀಕರಣ ನಡೆದಿದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಮುಂದಿನ ಮೂರು ದಶಕ ಕನ್ನಡ ಚಿತ್ರರಂಗದ ಮನೆ ಬಹುಪಾಲು ಮದ್ರಾಸಿನಲ್ಲೇ ಇತ್ತು. ಕ್ಯಾಮೆರಾ, ಲ್ಯಾಬು, ತಂತ್ರಜ್ಞರು ಎಲ್ಲರೂ ಅಲ್ಲಿದ್ದರು. 1960ರ ದಶಕದ ಉತ್ತರಾರ್ಧದಲ್ಲಿ ರಾಜ್ಯ ಸರ್ಕಾರ, ರಾಜ್ಯದೊಳಗೇ ತಯಾರಾದ ಚಿತ್ರಗಳಿಗೆ ಸಹಾಯಧನ ಕೊಡಲು ಆರಂಭಿಸಿತು. 1966ರಲ್ಲಿ ಕಂಠೀರವ ಸ್ಟುಡಿಯೋ ಹುಟ್ಟಿತು. ಮುಂದಿನ ವರ್ಷಗಳಲ್ಲಿ ಚಿತ್ರರಂಗ ಮೆಲ್ಲಮೆಲ್ಲನೆ ಬೆಂಗಳೂರಿನ ಗಾಂಧಿನಗರಕ್ಕೆ ಬಂದು ನೆಲೆಯೂರಿತು. ಸಹಾಯಧನದ ಜೊತೆ ಜಾಗದ ಷರತ್ತು ಇದ್ದುದರಿಂದ ಹಣ ತನ್ನ ಕೆಲಸ ಮಾಡಿತು. ಮದ್ರಾಸಿನಿಂದ ಬೆಂಗಳೂರಿಗೆ ಕರೆತಂದ ಆ ಷರತ್ತು ಬೆಂಗಳೂರಿನಿಂದ ಜಿಲ್ಲೆಗಳತ್ತ ಮುಂದುವರಿಯಲೇ ಇಲ್ಲ.

ಇಂದಿನ ವ್ಯವಸ್ಥೆ ಹೇಗಿದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಜಿಎಸ್‌ಟಿ ಬರುವ ಮುನ್ನ ಮನರಂಜನಾ ತೆರಿಗೆ ರಾಜ್ಯದ ಕೈಯಲ್ಲಿತ್ತು, ಕನ್ನಡ ಚಿತ್ರಗಳಿಗೆ ಅದರಿಂದ ವಿನಾಯಿತಿ ಇತ್ತು. 2017ರ ಜುಲೈ 1ರ ನಂತರ ಆ ತೆರಿಗೆ ಜಿಎಸ್‌ಟಿಯಲ್ಲಿ ಸೇರಿಹೋಯಿತು. ಈಗ ರಾಜ್ಯವೊಂದು ತಾನೇ ತೆರಿಗೆ ಬಿಟ್ಟುಕೊಡುವಂತಿಲ್ಲ. ತನ್ನ ಪಾಲಿನ ಜಿಎಸ್‌ಟಿಯನ್ನು ಖಜಾನೆಯಿಂದ ವಾಪಸ್ ಕೊಡಬಹುದು, ಇಲ್ಲವೇ ನೇರವಾಗಿ ಸಹಾಯಧನ ಕೊಡಬಹುದು. ‘ತೆರಿಗೆ ರಿಯಾಯಿತಿ’ ಎಂದು ನಾವು ಕರೆಯುವುದೆಲ್ಲ ಇಂದು ಬಜೆಟ್ಟಿನಿಂದ ಹೊರಹೋಗುವ ಹಣವೇ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ಜಿಎಸ್‌ಟಿ ಎಂಬುದು ಸರಕು ಅಥವಾ ಸೇವೆ ಬಳಕೆಯಾಗುವ ಜಾಗದ ತೆರಿಗೆ. ತೀರ್ಥಹಳ್ಳಿಯಲ್ಲಿ ಚಿತ್ರೀಕರಿಸಿದ ಸಿನಿಮಾವನ್ನು ಮುಂಬೈಯಲ್ಲಿ ನೋಡಿದರೆ ಟಿಕೆಟ್ಟಿನ ರಾಜ್ಯಪಾಲು ಮಹಾರಾಷ್ಟ್ರಕ್ಕೆ ಸೇರುತ್ತದೆ. ಆದ್ದರಿಂದ ಸಿನಿಮಾ ಎಷ್ಟೇ ಗೆದ್ದರೂ ಅದನ್ನು ತಯಾರಿಸಿದ ಊರಿಗೆ ಅದರಿಂದ ಸಿಗುವುದು ತಯಾರಿಕೆಯ ಹೊತ್ತಿನಲ್ಲಿ ಅಲ್ಲಿ ಖರ್ಚಾದ ಹಣ ಮಾತ್ರ. ಆ ಖರ್ಚನ್ನು ಹೆಚ್ಚಿಸುವಂತೆ ನಮ್ಮ ಸಹಾಯಧನ ರೂಪುಗೊಂಡಿದೆಯೇ ಎಂಬುದೇ ಪ್ರಶ್ನೆ.

ರೂಪುಗೊಂಡಿಲ್ಲ. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಯೋಜನೆಯಲ್ಲಿ ವರ್ಷಕ್ಕೆ ನೂರಕ್ಕೂ ಹೆಚ್ಚು ಚಿತ್ರಗಳಿಗೆ, ಸಾಮಾನ್ಯವಾಗಿ ತಲಾ 10 ಲಕ್ಷ ರೂಪಾಯಿ ಸಹಾಯಧನಕ್ಕೆ ಅವಕಾಶವಿದೆ. ಸಿನಿಮಾ ಮುಗಿದು ಬಿಡುಗಡೆಯಾದ ಮೇಲೆ ಸಮಿತಿಯೊಂದು ಅದನ್ನು ನೋಡಿ ಗುಣಮಟ್ಟ ಅಳೆದು ಶಿಫಾರಸು ಮಾಡುತ್ತದೆ. ಕಲೆಗೆ ಕೊಡುವ ಪ್ರೋತ್ಸಾಹ ಎಂದು ನೋಡಿದರೆ ಇದು ಸರಿಯಾದ ಕ್ರಮ; ಅದು ಇರಲೇಬೇಕು. ಆದರೆ ಚಿತ್ರ ಎಲ್ಲಿ ತಯಾರಾಯಿತು, ಯಾರಿಗೆ ಕೆಲಸ ಕೊಟ್ಟಿತು ಎಂಬ ಪ್ರಶ್ನೆಯನ್ನು ಅದು ಕೇಳುವುದಿಲ್ಲ. ಮೇಲಾಗಿ ಹಣ ಕೈಗೆ ಬರುವ ಹೊತ್ತಿಗೆ ವರ್ಷಗಳು ಉರುಳಿರುತ್ತವೆ. 2019ರ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾಗಿದ್ದು 2025ರ ಜನವರಿಯಲ್ಲಿ ಎಂಬುದೊಂದೇ ಈ ವ್ಯವಸ್ಥೆಯ ನಡಿಗೆಯನ್ನು ತೋರಿಸುತ್ತದೆ. ಬಡ್ಡಿಗೆ ಹಣ ತಂದು ಸಿನಿಮಾ ಮಾಡುವ ನಿರ್ಮಾಪಕ, ಯಾವಾಗಲೋ ಬರಬಹುದಾದ 10 ಲಕ್ಷವನ್ನು ನಂಬಿ ಚಿತ್ರೀಕರಣದ ಜಾಗವನ್ನು ಬದಲಿಸುವುದಿಲ್ಲ. ಅವನ ನಿರ್ಧಾರದ ಗಳಿಗೆಯಲ್ಲಿ ಈ ಹಣ ಲೆಕ್ಕಕ್ಕೇ ಬರುವುದಿಲ್ಲ.

ಮಲೆನಾಡು ಕನ್ನಡ ಸಿನಿಮಾಕ್ಕೆ ಕೊಟ್ಟಿದ್ದು ಕಡಿಮೆಯೇನಲ್ಲ. 1970ರ ‘ಸಂಸ್ಕಾರ’ ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಚಿತ್ರೀಕರಣಗೊಂಡಿತು; ಅದರ ಮೂಲ ಕಾದಂಬರಿ ಬರೆದ ಅನಂತಮೂರ್ತಿ ತೀರ್ಥಹಳ್ಳಿ ತಾಲ್ಲೂಕಿನವರು. ಅವರದೇ ಕಥೆಯನ್ನು ಆಧರಿಸಿ ‘ಘಟಶ್ರಾದ್ಧ’ ಮಾಡಿ ರಾಷ್ಟ್ರಪ್ರಶಸ್ತಿ ತಂದ ಗಿರೀಶ ಕಾಸರವಳ್ಳಿ ಅದೇ ತಾಲ್ಲೂಕಿನವರು. ಸಾಗರದ ನಾ. ಡಿಸೋಜ ಬರೆದ ಮುಳುಗಡೆಯ ಕಥೆ ‘ದ್ವೀಪ’ವಾಗಿ ಮತ್ತೆ ರಾಷ್ಟ್ರಪ್ರಶಸ್ತಿ ಪಡೆಯಿತು. ‘ಮುಂಗಾರು ಮಳೆ’ ಜೋಗವನ್ನು ಹೊಸ ತಲೆಮಾರಿನ ಕಣ್ಣಿಗೆ ತಂದಿತು. ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ಗಾಗಿ ಆಗುಂಬೆಯನ್ನೇ ಮಾಲ್ಗುಡಿಯಾಗಿಸಿದಾಗ, ಹೊಸನಗರ ತಾಲ್ಲೂಕಿನ ಪುಟ್ಟ ಅರಸಾಳು ನಿಲ್ದಾಣ ಆ ಊರಿನ ರೈಲ್ವೆ ಸ್ಟೇಷನ್ ಆಯಿತು. ಅರಸಾಳಿನ ಕಥೆ ಇಲ್ಲಿ ನಿಂತು ನೋಡುವಂಥದ್ದು. ಬ್ರಾಡ್‌ಗೇಜ್ ಬಂದ ಮೇಲೆ ಹಳೆಯ ಹೆಂಚಿನ ಕಟ್ಟಡ ಕೆಲಸವಿಲ್ಲದೆ ಪಾಳುಬಿತ್ತು. ಮೂರು ದಶಕದ ನಂತರ, 2020ರ ಸುಮಾರಿಗೆ, ರೈಲ್ವೆಯವರು ಅದನ್ನು ದುರಸ್ತಿ ಮಾಡಿಸಿ ‘ಮಾಲ್ಗುಡಿ ಮ್ಯೂಸಿಯಂ’ ಮಾಡಿದರು. ಈಗ ಜನ ಅಲ್ಲಿ ಇಳಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಸಂತೋಷದ ಸಂಗತಿ. ಆದರೆ ಒಂದು ಮಹಾ ಧಾರಾವಾಹಿ ಬಂದುಹೋದ ಜಿಲ್ಲೆಯಲ್ಲಿ ಅದರ ಗುರುತಾಗಿ ಉಳಿದಿದ್ದು ಒಂದು ಕಟ್ಟಡ. ಆ ಸೆಟ್ ಕಟ್ಟಲು ಕಲಿತು, ಮುಂದೆ ಅದನ್ನೇ ಕಸುಬು ಮಾಡಿಕೊಂಡ ಒಂದು ಬಡಗಿಗಳ ತಂಡ ಇಲ್ಲಿ ಬೆಳೆದಿದ್ದರೆ ಅದರ ಬೆಲೆ ಬೇರೆಯೇ ಇರುತ್ತಿತ್ತು. ನೋಡಲು ಬರುವ ಪ್ರವಾಸಿ ವಾರದ ಕೊನೆಗೊಮ್ಮೆ ಬರುತ್ತಾನೆ. ಕಲಿತ ಕಸುಬು ವರ್ಷವಿಡೀ ಅನ್ನ ಕೊಡುತ್ತದೆ.

ಸಿನಿಮಾಕ್ಕೆ ಸರ್ಕಾರ ಹಾಕಿದ ಹಣ ತೆರಿಗೆಯ ರೂಪದಲ್ಲಿ ವಾಪಸ್ ಬರುತ್ತದೆ ಎಂದು ಇಂಥ ಯೋಜನೆಗಳ ಪರ ಮಾತನಾಡುವವರು ಹೇಳುವುದುಂಟು. ಆ ಭರವಸೆಯನ್ನು ನಾನು ಕೊಡಲಾರೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಉದಾಹರಣೆಗೆಂದು 80 ಜನರ ಒಂದು ಯೂನಿಟ್ 30 ದಿನ ಶಿವಮೊಗ್ಗದಲ್ಲಿ ತಂಗಿತು ಎಂದುಕೊಳ್ಳೋಣ. ತಲೆಗೆ ದಿನಕ್ಕೆ ಊಟ-ವಸತಿಗೆ 1,500 ರೂಪಾಯಿ ಎಂದರೆ ಒಟ್ಟು 36 ಲಕ್ಷ. ಸಾಮಾನ್ಯ ದರ್ಜೆಯ ಕೊಠಡಿಗೂ ಹೋಟೆಲ್ ಊಟಕ್ಕೂ ಜಿಎಸ್‌ಟಿ ಶೇ 5. ಅಂದರೆ ಸುಮಾರು 1 ಲಕ್ಷ 80 ಸಾವಿರ. ಅದರಲ್ಲಿ ರಾಜ್ಯದ ಪಾಲು ಅರ್ಧ, 90 ಸಾವಿರ. ಇದೇ 36 ಲಕ್ಷದ ಮೇಲೆ ಸರ್ಕಾರ ಶೇ 20 ಸಹಾಯಧನ ಕೊಟ್ಟರೆ 7 ಲಕ್ಷ 20 ಸಾವಿರ ಹೋಗುತ್ತದೆ. ಬಂದಿದ್ದರ ಎಂಟು ಪಟ್ಟು ಕೊಟ್ಟಂತಾಯಿತು. ಲಾಡ್ಜಿನವರು ಖರೀದಿಸುವ ಹಾಲು, ತರಕಾರಿ, ಗ್ಯಾಸು ಎಂದು ಮುಂದಿನ ಸುತ್ತುಗಳನ್ನು ಸೇರಿಸಿದರೂ ಆ ಅಂತರ ತುಂಬುವುದಿಲ್ಲ. ಹಾಗಾಗಿ ಈ ಯೋಜನೆಯನ್ನು ಖಜಾನೆ ತುಂಬುವ ದಾರಿ ಎಂದು ಮಾರಬಾರದು. ಇದು ಉದ್ಯೋಗಕ್ಕಾಗಿ ಮಾಡುವ ಖರ್ಚು. ಒಂದು ರೂಪಾಯಿ ಕೊಟ್ಟರೆ ಎಷ್ಟು ಕೂಲಿ ಜಿಲ್ಲೆಯಲ್ಲಿ ಉಳಿಯಿತು ಎಂಬ ಒಂದೇ ತಕ್ಕಡಿಯಲ್ಲಿ ಇದನ್ನು ತೂಗಬೇಕು.

ಇದನ್ನು ಮರೆತವರಿಗೆ ಏನಾಯಿತು ಎಂಬುದಕ್ಕೆ ಅಮೆರಿಕದ ಮಿಷಿಗನ್ ರಾಜ್ಯವನ್ನು ನೋಡಬೇಕು. ಕಾರ್ಖಾನೆ ನಿಂತ ನೋವು ಬಲ್ಲ ಭದ್ರಾವತಿಯವರಂತೂ ಎರಡು ಸಲ ನೋಡಬೇಕು. ಕಾರು ಕಾರ್ಖಾನೆಗಳು ಮುಚ್ಚಿ ಕೆಲಸ ಕಳೆದುಕೊಂಡ ಆ ರಾಜ್ಯ 2008ರಲ್ಲಿ ಸಿನಿಮಾ ಖರ್ಚಿನ ಶೇ 42ರ ತನಕ ಮರಳಿಸುವ ಯೋಜನೆ ತಂದಿತು. ಪಾಂಟಿಯಾಕ್ ಎಂಬ ಪಟ್ಟಣದಲ್ಲಿ ಜನರಲ್ ಮೋಟರ್ಸ್‌ನ ಹಳೆಯ ಆವರಣದಲ್ಲಿ ದೊಡ್ಡ ಸ್ಟುಡಿಯೋ ಎದ್ದಿತು. ಅದರ ಸಾಲಪತ್ರಗಳಿಗೆ ಸರ್ಕಾರಿ ನೌಕರರ ಪಿಂಚಣಿ ನಿಧಿ ಖಾತರಿ ನಿಂತಿತು. ಸಾಲ ತೀರಲಿಲ್ಲ, ಹೊರೆ ಪಿಂಚಣಿ ನಿಧಿಯ ಮೇಲೆ ಬಿತ್ತು. 2015ರಲ್ಲಿ ರಾಜ್ಯ ಇಡೀ ಯೋಜನೆಯನ್ನೇ ಕೈಬಿಟ್ಟಿತು. ಇನ್ನೊಂದೆಡೆ ಜಾರ್ಜಿಯಾ ರಾಜ್ಯ ಶೇ 30ರ ತನಕ ತೆರಿಗೆ ರಿಯಾಯಿತಿ ಕೊಟ್ಟು ದೊಡ್ಡ ಚಿತ್ರೋದ್ಯಮವನ್ನೇ ಕಟ್ಟಿತು. ಅದಕ್ಕೆ ಈಚಿನ ಕೆಲವು ವರ್ಷಗಳಲ್ಲಿ ತೆತ್ತ ಬೆಲೆ ವರ್ಷಕ್ಕೆ ನೂರು ಕೋಟಿ ಡಾಲರಿಗೂ ಹೆಚ್ಚು. ಅಷ್ಟಾದರೂ ದೊಡ್ಡ ಚಿತ್ರಗಳು ಈಗ ಬ್ರಿಟನ್ನಿನತ್ತ ಹೊರಳುತ್ತಿವೆ. ಯಾರು ಹೆಚ್ಚು ಕೊಡುತ್ತಾರೋ ಅವರ ಬಳಿಗೆ ಹೋಗುವ ಹಣದ ಬೆನ್ನು ಹತ್ತಿದರೆ ಓಟಕ್ಕೆ ಕೊನೆಯಿಲ್ಲ. ನಮ್ಮ ದೇಶದಲ್ಲೂ ಆ ಓಟ ಶುರುವಾಗಿದೆ. ಉತ್ತರ ಪ್ರದೇಶ ಚಿತ್ರೀಕರಣದ ದಿನಗಳನ್ನು ಎಣಿಸಿ ಒಂದೆರಡು ಕೋಟಿ ಕೊಡುತ್ತದೆ. ಕೇಂದ್ರ ಸರ್ಕಾರ 2023ರಲ್ಲಿ, ವಿದೇಶಿ ಚಿತ್ರಗಳು ಭಾರತದಲ್ಲಿ ಮಾಡುವ ಅರ್ಹ ಖರ್ಚಿನ ಶೇ 40ನ್ನು 30 ಕೋಟಿ ರೂಪಾಯಿಯ ಮಿತಿಯೊಳಗೆ ಮರಳಿಸುವುದಾಗಿ ಘೋಷಿಸಿತು. ಖರ್ಚನ್ನು ನೋಡಿ ಕೊಡುವ ತತ್ವ ಹೊಸದಲ್ಲ ಎಂಬುದು ಇದರಿಂದ ಸ್ಪಷ್ಟ. ಹೊರಗಿನವರು ಭಾರತದಲ್ಲಿ ಮಾಡುವ ಖರ್ಚಿಗೆ ಇರುವ ಆ ನಿಯಮವನ್ನು, ಬೆಂಗಳೂರಿನವರು ಜಿಲ್ಲೆಯಲ್ಲಿ ಮಾಡುವ ಖರ್ಚಿಗೂ ಅನ್ವಯಿಸಿ ಎಂಬುದಷ್ಟೇ ನನ್ನ ಕೋರಿಕೆ.

ಯಾವ ಖರ್ಚಿಗೆ ಕೊಡಬೇಕು ಎಂಬುದರಲ್ಲೇ ಯೋಜನೆಯ ಜೀವ ಇರುವುದು. ಮಲೆನಾಡಿನ ಕಥೆಗೆ ಮಲೆನಾಡೇ ಬೇಕು. ಮಳೆ ಬೇಕೆಂದವರು ಸಹಾಯಧನ ಇಲ್ಲದಿದ್ದರೂ ಆಗುಂಬೆಗೆ ಬರುತ್ತಾರೆ, ಬಂದವರು ಲಾಡ್ಜಿನಲ್ಲಿ ಮಲಗಿಯೇ ಮಲಗುತ್ತಾರೆ. ಹೇಗಿದ್ದರೂ ಆಗುವ ಖರ್ಚಿಗೆ ಸರ್ಕಾರ ಒಂದು ಪೈಸೆಯನ್ನೂ ಕೊಡಬೇಕಿಲ್ಲ. ಬೆಂಗಳೂರಿನಿಂದ ಲಾರಿಯಲ್ಲಿ, ಬಸ್ಸಿನಲ್ಲಿ ಬರುವುದನ್ನು ಇಲ್ಲೇ ತೆಗೆದುಕೊಂಡರೆ ಅದಕ್ಕೆ ಕೊಡಲಿ. ಜಿಲ್ಲೆಯ ನಿವಾಸಿಗಳಿಗೆ ಕೊಟ್ಟ ಕೂಲಿ, ಸಂಭಾವನೆಗಳ ಶೇ 25. ಜಿಲ್ಲೆಯ ಅಂಗಡಿ, ಕಾರ್ಖಾನೆಗಳಿಂದ ಕೊಂಡ ಅಥವಾ ಬಾಡಿಗೆಗೆ ಪಡೆದ ಸಾಮಗ್ರಿಯ ಶೇ 15. ಕೊಠಡಿ ಬಾಡಿಗೆಗೆ ಸೊನ್ನೆ. ಒಂದು ಚಿತ್ರಕ್ಕೆ 50 ಲಕ್ಷದ ಮೇಲ್ಮಿತಿ, ರಾಜ್ಯಕ್ಕೆಲ್ಲ ವರ್ಷಕ್ಕೊಂದು ಒಟ್ಟು ಮಿತಿ. ಬಿಲ್ಲು ಸಲ್ಲಿಸಿದ 90 ದಿನದೊಳಗೆ ಹಣ. ಮೇಲಿನ ಉದಾಹರಣೆಯ ಯೂನಿಟ್ಟೇ 30 ಸ್ಥಳೀಯರನ್ನು ದಿನಕ್ಕೆ 1,000 ರೂಪಾಯಿಯಂತೆ 30 ದಿನ ದುಡಿಸಿಕೊಂಡರೆ 9 ಲಕ್ಷ ಕೂಲಿ ಜಿಲ್ಲೆಯ ಮನೆಗಳಿಗೆ ಹೋಗುತ್ತದೆ. ಸರ್ಕಾರ ಕೊಡುವುದು 2 ಲಕ್ಷ 25 ಸಾವಿರ. ನಿರ್ಮಾಪಕನಿಗೂ ಅಷ್ಟು ಜನರ ಪ್ರಯಾಣ, ಕೊಠಡಿ, ದಿನಭತ್ಯೆಯ ಖರ್ಚು ಉಳಿಯುತ್ತದೆ. ಆ ಉಳಿತಾಯ ಇರುವುದರಿಂದಲೇ ಸಣ್ಣ ಪ್ರೋತ್ಸಾಹವೂ ಕೆಲಸ ಮಾಡಬಲ್ಲದು.

ಇದಕ್ಕೆ ಮಾಚೇನಹಳ್ಳಿಯಂಥ ಜಾಗ ಏಕೆ ಸರಿ ಎಂದರೆ, ಸಿನಿಮಾಕ್ಕೆ ಬೇಕಾದ ಹೆಚ್ಚಿನ ಕೈಕಸುಬು ಸಿನಿಮಾದ್ದಲ್ಲ. ಒಂದು ತೊಟ್ಟಿಮನೆಯ ಸೆಟ್ಟಿನ ಗೋಡೆಯನ್ನೇ ತೆಗೆದುಕೊಳ್ಳಿ. ಮೊದಲು ಕಬ್ಬಿಣದ ಪೈಪುಗಳನ್ನು ಬೆಸೆದು ಚೌಕಟ್ಟು ನಿಲ್ಲಿಸಬೇಕು. ಅದಕ್ಕೆ ಪ್ಲೈವುಡ್ ಬಡಿಯಬೇಕು. ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ಒಣಗುವ ಮುನ್ನವೇ ಗೀರಿ, ಮಳೆ ಕುಡಿದ ಹಳೆಯ ಮಣ್ಣುಗೋಡೆಯ ಬಿರುಕು ಮೂಡಿಸಬೇಕು. ಪಾಚಿಯ ಹಸಿರನ್ನು ಬುಡದಲ್ಲಿ ಗಾಢವಾಗಿ, ಮೇಲೇರಿದಂತೆ ತಿಳಿಯಾಗಿ ಬಳಿಯಬೇಕು. ಕೊನೆಯ ಹಂತಕ್ಕೆ ಕಲಾ ನಿರ್ದೇಶಕನ ಕಣ್ಣು ಬೇಕು. ಅದಕ್ಕೂ ಮುಂಚಿನದೆಲ್ಲ ವೆಲ್ಡರ್, ಬಡಗಿ, ಗಾರೆಯವರ ಕೆಲಸ. ಭದ್ರಾವತಿ ನೂರು ವರ್ಷದಿಂದ ಇಂಥ ಕೈಗಳನ್ನು ಬೆಳೆಸಿದ ಊರು. 1918ರಲ್ಲಿ ಮೊದಲಾದ ಕಬ್ಬಿಣದ ಕಾರ್ಖಾನೆ, 1930ರ ದಶಕದಲ್ಲಿ ಬಂದ ಕಾಗದ ಕಾರ್ಖಾನೆ ತಲೆಮಾರುಗಳಿಗೆ ಕಸುಬು ಕಲಿಸಿದವು. ಕಾಗದ ಕಾರ್ಖಾನೆ ಎಂಪಿಎಂ 2015ರ ಸುಮಾರಿಗೆ ಉತ್ಪಾದನೆ ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು ಕಾರ್ಮಿಕರು ಬೀದಿಗಿಳಿದರು. ಮಾಚೇನಹಳ್ಳಿಗೆ ಸಮೀಪದ ಸೋಗಾನೆಯಲ್ಲಿ 2023ರ ಫೆಬ್ರುವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅಭಿನಯದಲ್ಲಿ, ಬೆಳಕಿನ ವಿನ್ಯಾಸದಲ್ಲಿ ತರಬೇತಿ ಪಡೆದ ಯುವಜನರನ್ನು ಸಾಗರದ ಬಳಿಯ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಕೊಡುತ್ತ ಬಂದಿದೆ, ಶಿವಮೊಗ್ಗದಲ್ಲೇ ರಂಗಾಯಣವಿದೆ. ಕೈ ಇದೆ, ಕಲೆ ಇದೆ, ದಾರಿ ಇದೆ. ಇವನ್ನು ಸಿನಿಮಾದ ಲೆಕ್ಕಪುಸ್ತಕದೊಳಕ್ಕೆ ತರುವ ಕಾರಣವೊಂದು ಬೇಕಾಗಿದೆ.

ಸಿನಿಮಾ ಕೆಲಸ ಎಂದರೆ ನಾಲ್ಕು ದಿನದ್ದು, ಅದನ್ನು ನಂಬಿ ಯಾರು ಕೂರುತ್ತಾರೆ ಎಂಬ ಆಕ್ಷೇಪ ಬರುತ್ತದೆ. ಅದು ನಿಜ. ಒಂದು ಕಾರ್ಖಾನೆಯ ಖಾಯಂ ನೌಕರಿಗೆ ಇದು ಸಮನಾಗದು. ವಿಐಎಸ್‌ಎಲ್ ಉಳಿಸಿಕೊಳ್ಳುವ ಹೋರಾಟಕ್ಕೆ ಇದು ಬದಲಿಯೂ ಅಲ್ಲ. ಆದರೆ ಕಾರ್ಮಿಕ ಸಿನಿಮಾವನ್ನೇ ನಂಬಿ ಕೂರಬೇಕಾಗಿಲ್ಲ. ವರ್ಷದಲ್ಲಿ ಹತ್ತು ತಿಂಗಳು ಗೇಟು, ಗ್ರಿಲ್ಲು ಮಾಡುವ ವೆಲ್ಡರನಿಗೆ ಎರಡು ತಿಂಗಳ ಸೆಟ್ ಕೆಲಸ ಹೆಚ್ಚುವರಿ ಆದಾಯ. ಬೆಂಗಳೂರಿನ ಸಿನಿಮಾ ಕಾರ್ಮಿಕರ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೇ ಎಂಬುದು ಇದಕ್ಕೆ ಹೆಣೆದುಕೊಂಡ ಇನ್ನೊಂದು ಪ್ರಶ್ನೆ, ಇದು ಗಂಭೀರವಾದುದು. ಕ್ಯಾಮೆರಾ, ಬೆಳಕು, ಮೇಕಪ್‌ನಂಥ ಪರಿಣತರು ಮುಂದೆಯೂ ಅಲ್ಲಿಂದಲೇ ಬರುತ್ತಾರೆ, ಬರಲಿ. ಅವರ ಕೈಕೆಳಗೆ ಜಿಲ್ಲೆಯವರು ಕಲಿಯುವಂತೆ, ಪ್ರತಿ ವಿಭಾಗದಲ್ಲೂ ಸ್ಥಳೀಯ ಕಲಿಕೆಯವರನ್ನು ಇಟ್ಟುಕೊಳ್ಳುವುದನ್ನು ಷರತ್ತಾಗಿಸಬಹುದು. ಚಿತ್ರರಂಗದ ಕಾರ್ಮಿಕರ ಕ್ಷೇಮಕ್ಕೆಂದು ಟಿಕೆಟ್ಟಿನ ಮೇಲೆ ಶೇ 1ರಿಂದ 2ರ ತನಕ ಸೆಸ್ ವಿಧಿಸುವ ಕಾನೂನನ್ನು ರಾಜ್ಯ 2024ರಲ್ಲಿ ತಂದಿದೆ. ಆ ನಿಧಿಯ ರಕ್ಷಣೆ ಬೆಂಗಳೂರಿನವರಿಗೆ ಸಿಕ್ಕಂತೆ ಭದ್ರಾವತಿಯ ಬಡಗಿಗೂ ಸಿಗಬೇಕು.

ಮೈಸೂರಿನಲ್ಲೇ ಚಿತ್ರನಗರಿ ಬರುತ್ತಿದೆಯಲ್ಲ ಎಂದು ಕೇಳುವವರೂ ಇದ್ದಾರೆ. 2025ರ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಮೈಸೂರಿನ 150 ಎಕರೆಯಲ್ಲಿ 500 ಕೋಟಿ ರೂಪಾಯಿಯ ಖಾಸಗಿ ಸಹಭಾಗಿತ್ವದ ಚಿತ್ರನಗರಿಯನ್ನು ಪ್ರಸ್ತಾಪಿಸಿದರು. ಅದೇ ಬಜೆಟ್ಟಿನಲ್ಲಿ ಚಿತ್ರರಂಗಕ್ಕೆ ಉದ್ಯಮದ ಸ್ಥಾನಮಾನ ಕೊಟ್ಟು ಕೈಗಾರಿಕಾ ನೀತಿಯ ಸೌಲಭ್ಯ ವಿಸ್ತರಿಸುವ ಮಾತೂ ಇತ್ತು. ನನಗೆ ಹೆಚ್ಚು ಮುಖ್ಯವೆನಿಸುವುದು ಈ ಎರಡನೆಯದು. ಸಿನಿಮಾ ಉದ್ಯಮವೆಂದಾದರೆ ಅದಕ್ಕೆ ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲೂ ಜಾಗವಿರಬೇಕು. ಮಾಚೇನಹಳ್ಳಿಗೆ ಚಿತ್ರನಗರಿ ಬೇಡ. ಪಾಂಟಿಯಾಕ್‌ನ ತಪ್ಪನ್ನು ಇಲ್ಲಿ ಮಾಡುವುದೂ ಬೇಡ. ಸೆಟ್ಟಿನ ಭಾಗಗಳನ್ನು ಕಟ್ಟಿ ಜೋಪಾನವಾಗಿಡುವ, ಬಾಡಿಗೆಗೆ ಲೈಟು-ಜನರೇಟರ್ ಇರುವ ಒಂದು ಬಾಡಿಗೆ ಶೆಡ್ ಸಾಕು, ಅದೂ ಖಾಸಗಿಯವರದೇ ಆಗಲಿ. ಗಿರಾಕಿ ಬಂದರೆ ಬೆಳೆಯುತ್ತದೆ, ಬಾರದಿದ್ದರೆ ಸರ್ಕಾರದ ಹಣ ಮುಳುಗುವುದಿಲ್ಲ.

ಸುಳ್ಳು ಬಿಲ್ಲಿನ ಭಯ ಸಹಜವಾದುದು, ಏಕೆಂದರೆ ಖರ್ಚಿನ ಮೇಲೆ ಹಣ ಕೊಡುವಲ್ಲೆಲ್ಲ ಖರ್ಚನ್ನು ಉಬ್ಬಿಸುವ ಆಸೆ ಹುಟ್ಟುತ್ತದೆ. ಕೂಲಿ ಕಾರ್ಮಿಕನ ಬ್ಯಾಂಕ್ ಖಾತೆಗೆ ನೇರ ಜಮೆಯಾಗಿದ್ದರೆ ಮಾತ್ರ, ಸಾಮಗ್ರಿಗೆ ಜಿಲ್ಲೆಯ ವಿಳಾಸದ ಜಿಎಸ್‌ಟಿ ಬಿಲ್ ಇದ್ದರೆ ಮಾತ್ರ ಎಣಿಕೆಗೆ ಸೇರಿಸಬೇಕು. ಯಾವ ಚಿತ್ರಕ್ಕೆ ಎಷ್ಟು ಕೊಟ್ಟಿತು, ಎಷ್ಟು ಜನರಿಗೆ ಎಷ್ಟು ದಿನದ ಕೆಲಸ ಸಿಕ್ಕಿತು ಎಂಬ ಪಟ್ಟಿಯನ್ನು ಸರ್ಕಾರ ಪ್ರತಿ ವರ್ಷ ಪ್ರಕಟಿಸಲಿ. ಐದು ವರ್ಷಕ್ಕೆ ಯೋಜನೆ ತಾನಾಗಿಯೇ ಮುಗಿಯಲಿ. ಫಲ ಕಂಡರೆ ಮಾತ್ರ ಸದನ ಅದನ್ನು ಮುಂದುವರಿಸಲಿ. ಚಿತ್ರ ಚೆನ್ನಾಗಿದೆಯೇ ಎಂದು ಅಳೆಯುವುದಕ್ಕಿಂತ ಬಿಲ್ಲು ನಿಜವೇ ಎಂದು ಪರೀಕ್ಷಿಸುವುದು ಸುಲಭ.

ಕಾಡಿನ ಪ್ರಶ್ನೆ ಇವೆಲ್ಲಕ್ಕಿಂತ ಭಾರವಾದುದು. ಆಗುಂಬೆಯ ಮಳೆಕಾಡು, ಶರಾವತಿ ಕಣಿವೆ ಸಿನಿಮಾದ ಹಿನ್ನೆಲೆಗೆಂದು ಬೆಳೆದು ನಿಂತವಲ್ಲ. ಹೆಚ್ಚು ಚಿತ್ರೀಕರಣ ಎಂದರೆ ಹೆಚ್ಚು ವಾಹನ, ಹೆಚ್ಚು ಬೆಳಕು, ಹೆಚ್ಚು ಸದ್ದು, ಹೆಚ್ಚು ಪ್ಲಾಸ್ಟಿಕ್. 2025ರ ಜೂನ್‌ನಲ್ಲಿ ‘ಕಾಂತಾರ ಚಾಪ್ಟರ್ 1’ ಚಿತ್ರೀಕರಣದ ವೇಳೆ ಹೊಸನಗರ ತಾಲ್ಲೂಕಿನ ಮಾಣಿ ಹಿನ್ನೀರಿನಲ್ಲಿ ದೋಣಿ ಮಗುಚಿತು, ಅದರಲ್ಲಿದ್ದವರೆಲ್ಲ ಪಾರಾದರು. ಮಲೆನಾಡಿನ ನೀರು, ಕಾಡು ಎಷ್ಟು ಎಚ್ಚರ ಬೇಡುತ್ತವೆ ಎಂಬುದನ್ನು ಅದು ನೆನಪಿಸಿತು. ಅರಣ್ಯ ನಿಯಮ ಮೀರಿದ ಚಿತ್ರಕ್ಕೆ ಸಹಾಯಧನವೇ ಇಲ್ಲ ಎಂಬ ಷರತ್ತು ದಂಡಕ್ಕಿಂತ ಪರಿಣಾಮಕಾರಿ. ಸಾವಿರಾರು ರೂಪಾಯಿಯ ದಂಡ ದೊಡ್ಡ ಯೂನಿಟ್ಟಿಗೆ ಒಂದು ಹೊತ್ತಿನ ಊಟದ ಖರ್ಚು. ಕೈತಪ್ಪುವ 50 ಲಕ್ಷ ಹಾಗಲ್ಲ. ಸೆಟ್ಟು ಮಾಚೇನಹಳ್ಳಿಯ ಶೆಡ್ಡಿನಲ್ಲಿ ಎದ್ದರೆ ಕಾಡಿನೊಳಗೆ ಕಳೆಯುವ ದಿನಗಳೂ ಕಡಿಮೆಯಾಗುತ್ತವೆ.

ಹೀಗೆ ನೋಡಿದರೆ ಕೇಳುತ್ತಿರುವುದು ದೊಡ್ಡ ಮೊತ್ತವೇನಲ್ಲ. 125 ಚಿತ್ರ ಎಂದುಕೊಂಡು ತಲಾ 10 ಲಕ್ಷ ಎಂದರೂ ಆಗುವುದು ಹನ್ನೆರಡೂವರೆ ಕೋಟಿ. ಅದರ ಅರ್ಧದಷ್ಟನ್ನು ಬೇರೆಯಾಗಿ ತೆಗೆದಿಟ್ಟು ಎರಡು ಮೂರು ಜಿಲ್ಲೆಗಳಲ್ಲಿ ಪ್ರಯೋಗ ಮಾಡಬಹುದು, ಶಿವಮೊಗ್ಗ ಅವುಗಳಲ್ಲಿ ಒಂದಾಗಬಹುದು. ಐದು ವರ್ಷದ ಕೊನೆಗೆ ಯೋಜನೆ ಗೆದ್ದಿತೋ ಸೋತಿತೋ ತಿಳಿಯಲು ದೊಡ್ಡ ಅಧ್ಯಯನವೂ ಬೇಕಾಗದು. ಬಿ.ಎಚ್. ರಸ್ತೆಯಲ್ಲಿ ಬರುವ ಆ ಲಾರಿಗಳನ್ನು ಎಣಿಸಿದರೆ ಸಾಕು. ಐದು ಬರುತ್ತಿದ್ದಲ್ಲಿ ಎರಡು ಬಂದು, ಉಳಿದ ಮೂರರ ಸಾಮಾನನ್ನು ಮಾಚೇನಹಳ್ಳಿಯಲ್ಲೇ ತುಂಬಿಕೊಂಡು ತೀರ್ಥಹಳ್ಳಿಯ ಕಡೆ ಹೊರಟರೆ ಸರ್ಕಾರ ಕೊಟ್ಟ ಹಣ ಸಾರ್ಥಕ. ಐದೂ ನಿಲ್ಲದೆ ಹಾದು ಹೋಗುತ್ತಿದ್ದರೆ ಯೋಜನೆಯನ್ನು ನಿಲ್ಲಿಸಿ, ಆ ಹಣವನ್ನು ಭದ್ರಾವತಿಯ ಬೇರೆ ಅಗತ್ಯಕ್ಕೆ ಕೊಡಲಿ.